ಕತ್ತಿನ ಮೇಲಿನ ಹಸಿರು

"ಮಿಸ್, ಆ ಚೈನ್ ಎಲ್ಲಿ ಸಿಗುತ್ತೆ?"

ಪರದೆಯ ಮೇಲೆ ಹಾಡು ಆಗಷ್ಟೇ ಮುಗಿದಿತ್ತು. ಕೇಳಿದವಳು ಎರಡನೇ ಬೆಂಚಿನ ಹುಡುಗಿ. ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕಷ್ಟಪಟ್ಟು ಕುಳಿತಿದ್ದ ಆ ವಿಡಿಯೋದ ಎಡಿಟರ್, ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಜೋರಾಗಿ ನಕ್ಕುಬಿಟ್ಟ. ಮಕ್ಕಳೆಲ್ಲ ತಿರುಗಿ ಅವನನ್ನು ನೋಡಿದರು. ಹುಡುಗಿಯ ಮುಖ ಕೆಂಪಾಯಿತು. ಅವನ ನಗು ನಿಂತ ರೀತಿಯನ್ನು ನಾನು ಗಮನಿಸಿದೆ. ಮೊದಲು ಕಣ್ಣಿನಿಂದ ಹೋಯಿತು, ತುಟಿಯಿಂದ ಆಮೇಲೆ.

"ಸಾರಿ ಕಣಮ್ಮ," ಎಂದ. "ಅದು ಬಾಡಿಗೆಗೆ ತಂದಿದ್ದು."

"ಬಾಡಿಗೆಗೂ ಸಿಗುತ್ತಾ?" ಪಕ್ಕದ ಹುಡುಗನ ದನಿಯಲ್ಲಿ ಹೊಸ ಆಸೆ.

ಎಡಿಟರ್‌ನನ್ನು ನಾನು ನೋಡಿದ್ದು ಅವತ್ತೇ ಮೊದಲು.

ಶಾಲೆಗಳಲ್ಲಿ ತೋರಿಸಬೇಕೆಂದಿರುವ ವಿಡಿಯೋಗಳು ಮಕ್ಕಳಿಗೆ ನಿಜವಾಗಿ ಏನು ಹೇಳುತ್ತವೆ ಎಂದು ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸ. ಈ ಸಲ ಬಂದದ್ದು ಶೋಕಿಯನ್ನು ಅಣಕಿಸುವ ಒಂದು ರ‍್ಯಾಪ್ ಹಾಡು. ಹಾಡುಗಾರನನ್ನು ಎಲ್ಲರೂ ಗುಡುಗು ಎಂದು ಕರೆಯುತ್ತಿದ್ದರು. ಮೈಕ್ ಇಲ್ಲದಾಗ ಅವನ ಮಾತು ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ. ವಿಡಿಯೋದಲ್ಲಿ ಅವನ ಕುತ್ತಿಗೆಗೆ ಹಗ್ಗದಷ್ಟು ದಪ್ಪದ ಚಿನ್ನದ ಬಣ್ಣದ ಸರ. "ಸರ ನೇತು ಹಾಕೋಕೆ ಗೂಟ ಬೇಕಿತ್ತು, ನಾನೇ ಆದೆ" ಎಂದು ಪಲ್ಲವಿ. ಸಾಹಿತ್ಯ ಓದಿದಾಗ ನನಗೂ ನಗು ಬಂದಿತ್ತು.

"ಅರ್ಥ ಆಯ್ತಾ?" ಎಂದರೆ ಮಕ್ಕಳು ಆಯ್ತು ಎನ್ನುತ್ತಾರೆ. ದೊಡ್ಡವರೂ ಅಷ್ಟೇ. ಆದ್ದರಿಂದ ನಾನು ಆ ಪ್ರಶ್ನೆ ಕೇಳುವುದಿಲ್ಲ. ಅರ್ಧ ತರಗತಿಗೆ ವಿಡಿಯೋ ತೋರಿಸುತ್ತೇನೆ, ಇನ್ನರ್ಧವನ್ನು ಹೊರಗೆ ಕಳಿಸುತ್ತೇನೆ. ಆಮೇಲೆ ನೋಡಿದವರು ನೋಡದವರಿಗೆ ಅದನ್ನು ಹೇಳಬೇಕು. ಆ ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಒಳಗೆ ಏನು ಇಳಿದಿದೆ ಎಂಬುದು ಇನ್ನೊಬ್ಬರಿಗೆ ಹೇಳುವಾಗ ತಾನಾಗಿ ಹೊರಬರುತ್ತದೆ.

ರೆಕಾರ್ಡಿಂಗ್ ಕೇಳಿಸಲು ಎಡಿಟರ್‌ನ ಕೋಣೆಗೆ ಹೋದೆ. ಟೈಲರ್ ಅಂಗಡಿಯ ಮೇಲಿನ ಮಹಡಿ. ಕಿಟಕಿಗೆ ಕಪ್ಪು ಬಟ್ಟೆ, ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು, ಎರಡು ಪರದೆ, ಒಂದೇ ಒಂದು ಒಳ್ಳೆಯ ಕುರ್ಚಿ. ಅದನ್ನು ನನಗೆ ಕೊಟ್ಟು ತಾನು ಸ್ಟೂಲಿನ ಮೇಲೆ ಕುಳಿತ.

"ಒಬ್ಬ ಇರ್ತಾನೆ ಕಣೋ, ಮೊದ್ಲು ಅವನನ್ನ ಯಾರೂ ಕ್ಯಾರೇ ಅನ್ನಲ್ಲ," ಎಂದು ಒಂದು ಎಳೆಯ ದನಿ ಶುರುವಾಯಿತು. "ಆಮೇಲೆ ಸರ ಹಾಕ್ಕೋತಾನೆ. ಎಲ್ರೂ ಸಲಾಮ್ ಹೊಡೀತಾರೆ. ಸೂಪರ್ ಆಗಿದೆ!"

ಹೆಚ್ಚುಕಡಿಮೆ ಮುಕ್ಕಾಲು ಪಾಲು ಮಕ್ಕಳು ಹೇಳಿದ್ದು ಇದನ್ನೇ.

"ಒಳ್ಳೇದಾಯ್ತು ಬಿಡಿ," ಎಂದ ಅವನು. "ಚಿನ್ನದಂಗಡಿಯವರಿಗೆ ಕಳಿಸ್ತೀನಿ. ಜಾಹೀರಾತು ರೆಡಿ."

"ಕಳಿಸ್ತೀರಾ?"

ಅವನು ನನ್ನನ್ನೇ ನೋಡಿದ. "ಮೇಡಂ, ನಿಮಗೆ ಎಲ್ಲಾನೂ ನಿಜಾ ಅಂತಲೇ ಕೇಳ್ಸುತ್ತಾ?"

"ಸಾಮಾನ್ಯವಾಗಿ ಹೌದು."

ಅವನು ಮತ್ತೆ ನಗಲು ಹೋಗಿ ತಡೆದುಕೊಂಡ. ಪರದೆಯ ಹಳದಿ ಬೆಳಕು ಅವನ ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಅಷ್ಟು ಚೆಂದದ ಕೆನ್ನೆಯೇನಲ್ಲ. ಗಡ್ಡ ತೆಗೆಯುವಾಗ ಆದ ಗಾಯವಿತ್ತು. ಆದರೂ ನಾನು ನೋಡಬೇಕಾದುದಕ್ಕಿಂತ ಹೆಚ್ಚು ಹೊತ್ತು ನೋಡಿದೆ.

"ಎಡಿಟ್ ಮಾಡೋಕೆ ಮೊದಲಿನ ಶಾಟ್‌ಗಳನ್ನ ತೋರಿಸಿ," ಎಂದೆ.

ಕಚ್ಚಾ ಶಾಟ್‌ಗಳು ಒಂದೊಂದಾಗಿ ಹೋದವು. ಬಿಸಿಲಲ್ಲಿ ಕುಣಿದು ಬೆವರಿದ ಗುಡುಗು. ಒಂದು ಕಡೆ ನಾನು ಕೈ ತೋರಿಸಿದೆ. ಸರದ ಅಡಿಯಲ್ಲಿ, ಚರ್ಮದ ಮೇಲೆ ಹಸಿರು ಕಲೆ.

"ಇದು ಏನು?"

"ಅದಾ? ಸರದ ಬಣ್ಣ ಬಿಟ್ಟಿದ್ದು. ಪಾಪ, ದಿನವೆಲ್ಲಾ ಉಜ್ಜಿದ್ರೂ ಹೋಗ್ಲಿಲ್ಲ. ಪ್ರತಿ ಶಾಟಲ್ಲೂ ಕೂತು ಅಳಿಸಿದ್ದೀನಿ. ಕಣ್ಣು ಹೋಗೋದೊಂದು ಬಾಕಿ."

"ಒಳಗಿರೋದು ತಾಮ್ರ. ಬೆವರು ತಾಗಿದ್ರೆ ಹಸಿರಾಗುತ್ತೆ. ಯಾಕೆ ಅಳಿಸಿದ್ರಿ?"

"ಅಸಹ್ಯವಾಗಿ ಕಾಣ್ತಿತ್ತು ಕಣ್ರೀ."

ಕೆಳಗೆ ಹೊಲಿಗೆ ಯಂತ್ರ ನಿಂತಿತು. ನಾವಿಬ್ಬರೂ ಆ ಕುತ್ತಿಗೆಯನ್ನೇ ನೋಡುತ್ತಿದ್ದೆವು.

"ಶೋಕಿ ಅಸಹ್ಯವಾಗಿ ಕಾಣಲಿ ಅಂತ ತಾನೇ ಹಾಡು ಮಾಡಿದ್ದು?" ಎಂದು ಮೆಲ್ಲಗೆ ಕೇಳಿದೆ.

ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಸರಕ್ಕೆ ಹೊಳಪು ಬೇರೆ ಕೊಟ್ಟಿದ್ದೀನಿ. ಕೆಲಸ ನೀಟಾಗಿರಬೇಕು ಅಂತ. ಅಣಕಿಸೋಕೆ ಹೋಗಿ ಅಲಂಕಾರ ಮಾಡಿಟ್ಟೆ." ಸ್ಟೂಲಿನಲ್ಲೇ ನನ್ನ ಕಡೆ ತಿರುಗಿದ. "ನಿಮ್ಮನ್ನ ಮದುವೆ ಆಗೋನು ಪುಣ್ಯವಂತ. ದಿನಾ ಊಟ ಆದ್ಮೇಲೆ ಅವನಿಗೊಂದು ಪರೀಕ್ಷೆ. ನಾನೂ ಒಂದು ಅರ್ಜಿ ಹಾಕಲಾ?"

ಹಾಗೆಂದವನು ಥಟ್ಟನೆ ಪರದೆಯ ಕಡೆ ತಿರುಗಿದ. ಆದರೆ ಮೌಸ್ ಹಿಡಿದ ಕೈ ಅಲ್ಲಾಡಲಿಲ್ಲ.

ನಾನು ನಕ್ಕೆ. ತಮಾಷೆಗೆ ನಗುವುದು ಸುರಕ್ಷಿತ.

ಮನೆಯಲ್ಲಿ ಅಮ್ಮ ಬಟ್ಟೆ ಮಡಚುತ್ತಿದ್ದಳು. ಹಾಸಿಗೆ ಹೊದಿಕೆಯ ಒಂದು ತುದಿ ನನ್ನ ಕೈಗೆ ಕೊಟ್ಟಳು. ಅವನು ಹೇಳಿದ್ದನ್ನು ಇದ್ದ ಹಾಗೆ ಒಪ್ಪಿಸಿದೆ.

"ತಮಾಷೆನೋ ನಿಜಾನೋ ಗೊತ್ತಾಗ್ತಿಲ್ಲ ಅಮ್ಮ. ಎರಡೂ ಹೊಂದುತ್ತೆ."

"ಹೊಂದದೆ ಏನು? ನೀನು ಹೂಂ ಅಂದ್ರೆ ನಿಜ, ಮುಖ ಸಿಂಡರಿಸಿದ್ರೆ ತಮಾಷೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು." ಹೊದಿಕೆಯನ್ನು ಎಳೆದು ನೇರ ಮಾಡಿದಳು. "ಅದಿರ್ಲಿ, ನಿಂಗೆ ಯಾವುದು ಬೇಕಾಗಿತ್ತು?"

ನಾನು ತುದಿಗೆ ತುದಿ ಸೇರಿಸುವುದರಲ್ಲಿ ಮಗ್ನಳಾದೆ.

"ಇಷ್ಟು ಓದ್ಸಿದ್ದು ದಂಡ," ಎಂದಳು ಅಮ್ಮ.

ಮುಂದಿನ ದಿನಗಳಲ್ಲಿ ಅವನು ಹಸಿರನ್ನು ಮರಳಿ ತಂದ. ನಾನು ಆಗಾಗ ಹೋಗಿ ನೋಡುತ್ತಿದ್ದೆ. ಪ್ರತಿ ಸಲ ಹೋಗುವ ಅಗತ್ಯವಿರಲಿಲ್ಲ. ಸ್ಟೂಲಿನ ಮೇಲೆ ಈಗ ಒಂದು ದಿಂಬು ಬಂದಿತ್ತು, ಆದರೆ ಒಳ್ಳೆಯ ಕುರ್ಚಿ ನನಗೇ. ಹೊಸ ವಿಡಿಯೋದಲ್ಲಿ ಹಾಡು ಮುಂದೆ ಹೋದಂತೆ ಕಲೆ ಹರಡುತ್ತದೆ. ಕೊನೆಯ ಪಲ್ಲವಿಯಲ್ಲಿ ಗುಡುಗು ಸರ ತೆಗೆಯುತ್ತಾನೆ. ಉಳಿಯುವುದು ಕತ್ತಿನ ಸುತ್ತ ಒಂದು ಹಸಿರು ಉಂಗುರ. ಆ ಶಾಟ್ ಮೊದಲಿನಿಂದಲೂ ಇತ್ತಂತೆ. ಚೆನ್ನಾಗಿಲ್ಲವೆಂದು ಬಿಸಾಡಿದ್ದನಂತೆ.

ಎರಡನೇ ಪರೀಕ್ಷೆಯಲ್ಲೂ ಸೋತರೆ ವಿಡಿಯೋ ಶಾಲೆಗಳಿಗೆ ಹೋಗುವುದಿಲ್ಲ. ಗೆದ್ದರೂ ಸೋತರೂ ನನ್ನ ವರದಿ ಮುಗಿಯುತ್ತದೆ. ಆಮೇಲೆ ಆ ಮೆಟ್ಟಿಲು ಹತ್ತಲು ನನ್ನ ಬಳಿ ಕಾರಣವಿರುವುದಿಲ್ಲ. ವರದಿಯಲ್ಲಿ ಬರೆಯಲಾಗದ ಈ ಸಂಗತಿಯೇ ನನ್ನನ್ನು ಹೆಚ್ಚು ಕಾಡುತ್ತಿತ್ತು.

ಎರಡನೇ ಪರೀಕ್ಷೆ ಬೇರೊಂದು ಶಾಲೆಯಲ್ಲಿ. ಅವನು ಒಳಗೆ ಬರಲಿಲ್ಲ, ಕಾರಿಡಾರಿನಲ್ಲೇ ನಿಂತ. ಬಾಗಿಲ ಪಕ್ಕದಲ್ಲಿ ಜೋಡಿಯಾಗಿ ಕುಳಿತ ಮಕ್ಕಳ ಮಾತು ಅವನಿಗೂ ಕೇಳಿಸಿರಬೇಕು.

"ಅವನ ಕುತ್ತಿಗೆ ನೋಡ್ಬೇಕಿತ್ತು ನೀನು! ಪಾಚಿ ಕಟ್ಟಿದ ತೊಟ್ಟಿ ಥರ!"

"ಥೂ! ಮತ್ಯಾಕೆ ಹಾಕ್ಕೊಂಡಿದ್ದ?"

"ಅದೇ ಮತ್ತೆ. ಎಲ್ರೂ ಸರಾನೇ ನೋಡ್ತಾರೆ ಕಣೇ. ಅವನನ್ನ ಯಾರೂ ನೋಡಲ್ಲ."

ಎಲ್ಲರೂ ಹಾಗೆ ಹೇಳಲಿಲ್ಲ. ಹಸಿರಾಗದ ಸರ ಎಲ್ಲಿ ಸಿಗುತ್ತದೆ ಎಂದು ಕೇಳಿದವನೂ ಇದ್ದ. ಆದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಅಣಕ ಮುಟ್ಟಿತ್ತು. ಶಾಲೆಗಳಲ್ಲಿ ತೋರಿಸಬಹುದು, ತೋರಿಸಿದ ಮೇಲೆ ಮಾತಾಡಿಸಬೇಕು ಎಂದು ಬರೆಯುವುದಾಗಿ ಅವನಿಗೆ ಹೇಳಿದೆ.

ಮಕ್ಕಳು ಹೋದ ಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆವು.

"ಅಬ್ಬ, ಬದುಕಿದೆ," ಎಂದ. "ಇನ್ಮೇಲೆ ನನ್ನ ಕೆಲಸದಲ್ಲಿ ಹುಳುಕು ಹುಡುಕೋಕೆ ಯಾರೂ ಮೆಟ್ಟಿಲು ಹತ್ತಿ ಬರಲ್ಲ. ನೆಮ್ಮದಿಯಾಗಿ ಒಳ್ಳೇ ಕುರ್ಚಿಯಲ್ಲಿ ಕೂತ್ಕೋತೀನಿ."

ನಾನು ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟೆ.

"ಇದು ಅಣಕನಾ?"

"ಏನು?"

"ಈಗ ಹೇಳಿದ್ದು. ಅವತ್ತು ಅರ್ಜಿ ಹಾಕಲಾ ಅಂದಿದ್ದು. ಅದರ ಅರ್ಥ ನನಗೆ ಮುಟ್ಟಿಲ್ಲ. ನೀವು ಮಾತಲ್ಲೂ ಕಲೆ ಅಳಿಸಿ ಹೊಳಪು ಕೊಡ್ತೀರಿ. ಇದ್ದ ಹಾಗೆ ಹೇಳಿ."

ಅವನು ಕೈಯಲ್ಲಿದ್ದ ಕುರ್ಚಿಯನ್ನು ಎದೆಗೆ ಒತ್ತಿ ಹಿಡಿದ. ಕಿವಿ ಕೆಂಪಾಯಿತು, ಅದನ್ನು ಅವನು ಅಳಿಸುವಂತಿರಲಿಲ್ಲ.

"ನೀವು ಬರದೇ ಇದ್ದ ದಿನ ನಾನು ಆ ಕುರ್ಚಿಯಲ್ಲಿ ಕೂತಿಲ್ಲ," ಎಂದ. ಮೈಕ್ ಇಲ್ಲದ ಗುಡುಗಿಗಿಂತ ಸಣ್ಣ ದನಿ. "ನಿಮ್ಮನ್ನ ಇಷ್ಟಪಡ್ತೀನಿ. ಮದುವೆ ಆಗೋಣ್ವಾ ಅಂತ ಕೇಳ್ತಿದ್ದೀನಿ. ತಮಾಷೆ ಅಲ್ಲ. ಬೇಡ ಅಂದ್ರೆ ತಮಾಷೆ ಅಂತಾನೂ ಹೇಳಲ್ಲ."

ಕೋಲು ಮುರಿದಿತ್ತು. ನಾನು ಫೋನ್ ತೆಗೆದೆ.

"ಯಾರಿಗೆ?" ಎಂದ ಗಾಬರಿಯಿಂದ.

"ನೋಡದವರಿಗೆ. ನೋಡಿದವರು ಹೇಳ್ಬೇಕಲ್ಲ."

ಅವನಿಗೆ ಅರ್ಥವಾಯಿತು. ಕೈಯಲ್ಲಿ ಕುರ್ಚಿ ಹಿಡಿದೇ ನಿಂತ.

"ಅಮ್ಮ," ಎಂದೆ, "ಆ ಎಡಿಟರ್ ಎದುರಿಗೇ ಇದ್ದಾರೆ. ನನ್ನನ್ನ ಇಷ್ಟಪಡ್ತಾರಂತೆ. ಮದುವೆ ಆಗೋಣ್ವಾ ಅಂತ ಕೇಳಿದ್ರು. ಭಯಪಟ್ಟಿದ್ದಾರೆ, ಆದ್ರೂ ನೆಟ್ಟಗೆ ಕೇಳಿದ್ರು. ತಮಾಷೆ ಅಲ್ಲ."

"ನೀನೇನಂದೆ?"

"ಇನ್ನೂ ಏನೂ ಹೇಳಿಲ್ಲ. ನಂಗೆ ಬೇಕಾಗಿದ್ದು ಇದೇ ಅಮ್ಮ."

"ಅಯ್ಯೋ ಮಂಕೇ! ಅವನಿಗೆ ಹೇಳೋದನ್ನ ಬಿಟ್ಟು ನನಗ್ಯಾಕೆ ಹೇಳ್ತಿದ್ದೀಯೇ?" ಎಂದು ಅಮ್ಮ ಕೂಗಿದ್ದು ಖಾಲಿ ತರಗತಿಯ ತುಂಬ ಕೇಳಿಸಿತು. "ಫೋನ್ ಇಡು ಮೊದ್ಲು!"

ಇಟ್ಟೆ.