ಕೂಡಿಸದ ಕೈ

ಗರಡಿಯ ಮಣ್ಣು ಮೈಗೆ ಹತ್ತದ ನಾನು ಗರಡಿಯ ಕಥೆ ಹೇಳುವುದು ಅಧಿಕಪ್ರಸಂಗವೇ ಸರಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೈಸೂರು ಮಹಾರಾಜರ ಕಾಲ. ಚಿತ್ರದುರ್ಗಕ್ಕೆ ಇನ್ನೂ ರೈಲು ಬಂದಿರಲಿಲ್ಲ. ಕೋಟೆಯ ಕೆಳಗಿನ ಗರಡಿಮನೆಯ ಹೊಸ್ತಿಲ ಹೊರಗೆ ಬಬ್ಬೂರಿನ ಕೊಟ್ರಮ್ಮ ನಿಂತಿದ್ದಳು. ಹೆಂಗಸರು ಆ ಹೊಸ್ತಿಲು ದಾಟುವಂತಿಲ್ಲ.

ಏಕಾಂತಪ್ಪ ಹೊರಗೆ ಬಂದ. ಒಂದು ಕಾಲಕ್ಕೆ ಸೋಲರಿಯದ ಪೈಲ್ವಾನ. ಎಡಭುಜ ಮುರಿದ ಮೇಲೆ ಕುಸ್ತಿ ಬಿಟ್ಟು, ಯಾರಿಗೆ ಯಾರು ಎದುರಾಳಿ ಎಂದು ಜೋಡಿ ಕಟ್ಟುವ ಯಜಮಾನಿಕೆ ಹೊತ್ತಿದ್ದ. ಅವನು ಇಬ್ಬರ ಕೈ ಕೂಡಿಸಿದರೆ ಮುಗಿಯಿತು, ಹಿಂದೆ ಸರಿಯುವಂತಿಲ್ಲ.

“ನಮ್ಮಣ್ಣ ಪಂಚಾಕ್ಷರಪ್ಪಗೆ ಹೊಸದುರ್ಗದ ಮುದ್ದಪ್ಪನ್ನ ಜೋಡಿ ಹಾಕೀರಂತೆ. ಹೋದ ವರ್ಷ ಒಬ್ಬನ ಬೆನ್ನು ಮುರ್ದೋನು ಅವನು.”

ಏಕಾಂತಪ್ಪ ತಲೆ ತಗ್ಗಿಸಿದ.

“ನಮ್ಮಪ್ಪ ನನ್ನನ್ನ ನಿಮಗೆ ಕೊಡ್ಲಿಲ್ಲ ಅಂತ ಈ ಸೇಡಾ?”

ಅವನ ಮುಖ ಬಿಳಿಚಿಕೊಂಡಿತು. “ನಿಮ್ಮಪ್ಪಾರು ಹೇಳಿದ್ದು ದಿಟ ಐತೆ. ಮ್ಯಾಲಕ್ಕೇಳದ ಕೈ ನೇಗಿಲು ಹಿಡೀತೈತಾ? ಅದಕ್ಕೆ ಸೇಡು ಯಾಕ್ರಿ?”

“ಹಂಗಾದ್ರೆ ಯಾಕೆ ಹಾಕಿದ್ರಿ?”

“ಹೇಳಂಗಿಲ್ಲ. ಮಾತು ಕೊಟ್ಟೀನಿ.”

ಯಾರಿಗೆ ಮಾತು? ಅಣ್ಣನ ಜೀವಕ್ಕಿಂತ ದೊಡ್ಡದಾ ಅದು... ಅವಳು ಹೊಸ್ತಿಲ ಹತ್ತಿರಕ್ಕೆ ಸರಿದಳು.

“ದಿನ ಬಿಟ್ಟು ದಿನ ಚಳಿಜ್ವರ ಬರ್ತೈತೆ ಅವನಿಗೆ. ಯಾರಿಗೂ ಹೇಳಬ್ಯಾಡ ಅಂದಾನೆ. ನಾಳೆ ಕುಸ್ತಿ, ಜ್ವರ ಬರೋದೂ ನಾಳೆನೇ...”

ಏಕಾಂತಪ್ಪನ ಬಲಗೈ ತಾನಾಗಿ ಮುರಿದ ಭುಜಕ್ಕೆ ಹೋಯಿತು. ಒಳಗೆ ನಡೆದ.

ಮರುದಿನ ಕೊಟ್ರಮ್ಮ ದೂರದ ಬಂಡೆಯ ಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ಕುಳಿತಿದ್ದಳು. ಕೆಳಗೆ ಅಖಾಡದಲ್ಲಿ ಏಕಾಂತಪ್ಪ ಒಂದು ಕೈಯಲ್ಲಿ ಮುದ್ದಪ್ಪನ ಕೈ, ಇನ್ನೊಂದರಲ್ಲಿ ಅಣ್ಣನ ಕೈ ಹಿಡಿದ.

ಶಿವನೇ, ಕೂಡಿಸಿಬಿಡ್ತಾನೆ...

ಕೂಡಿಸಲಿಲ್ಲ. ಎರಡನ್ನೂ ಬಿಟ್ಟ. “ಈ ಜೋಡಿ ಆಗಲ್ಲ.”

“ಯಾಕಪ್ಪ, ಭಾವಮೈದ ಅಂತ ಕರುಳು ಚುರುಕ್ ಅಂತಾ?” ಯಾರೋ ಕೂಗಿದರು. “ಹೆಣ್ಣು ಕೊಡದಿದ್ರೂ ಬೀಗತನ ಬಿಡ್ಲಿಲ್ಲ ನೋಡ್ರಲೇ.”

ಜನ ನಕ್ಕರು. ಜ್ವರ ಇದೆ ಎಂದು ಹೇಳಿದರೆ ಪಂಚಾಕ್ಷರಪ್ಪನ ಗುಟ್ಟು ಬಯಲಾಗುತ್ತಿತ್ತು. ಏಕಾಂತಪ್ಪ ಕಾರಣ ಹೇಳಲಿಲ್ಲ. ಯಜಮಾನಿಕೆಯ ರುಮಾಲು ಬಿಚ್ಚಿಟ್ಟು ಹೊರಟುಹೋದ.

ಊರಿಗೆ ಹೊರಟ ಬಂಡಿಯಲ್ಲಿ ಅಣ್ಣ ಕಂಬಳಿ ಹೊದ್ದು ಮಲಗಿದ್ದ. ಮೈ ಕೆಂಡ. “ಮುದ್ದಪ್ಪನ್ನೇ ಬೇಕು ಅಂದಿದ್ದು ನಾನು ಕಣೇ. ಏಕಾಂತಪ್ಪಾರು ಮೂರು ಸಲ ಬ್ಯಾಡ ಅಂದ್ರು. ಮನೇಲಿ ಹೇಳಬಾರ್ದು ಅಂತ ಮಾತು ತಗೊಂಡಿದ್ದೆ.”

ಕೊಟ್ರಮ್ಮ ಬಂಡಿಯಿಂದಿಳಿದು ಹಿಂದಕ್ಕೆ ಓಡಿದಳು.

ಏಕಾಂತಪ್ಪ ಗರಡಿಯ ಹೊಸ್ತಿಲ ಹೊರಗೆ, ನಿನ್ನೆ ಅವಳು ನಿಂತಿದ್ದಲ್ಲೇ ಕುಳಿತಿದ್ದ.

“ಭುಜ ಮುರಿದ ದಿನ ನನ್ನ ಕೈಯೂ ನಿಮ್ಮಣ್ಣನ ಕೈಯಂಗೇ ಜ್ವರದಾಗೆ ಸುಡ್ತಿತ್ತು,” ಎಂದ. “ಜೋಡಿ ಕಟ್ಟಿದೋರಿಗೆ ಗೊತ್ತಾಗಿತ್ತು. ಆದ್ರೂ ಕೂಡಿಸಿದ್ರು.”

ಅವಳು ಅವನ ಏಳದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

“ನನಗಿನ್ನೂ ಭಯ ಆಗ್ತೈತೆ.”

“ಯಾತಕ್ಕೆ?”

“ಅಪ್ಪಯ್ಯನ್ನ ಕೇಳಾಕೆ. ಬರ್ರಿ, ಇಬ್ರೂ ಹೋಗಾಣ.”

“ಕೂಡಿಸಿದ ಕೈ ಬಿಡಂಗಿಲ್ಲ. ಗೊತ್ತೈತಾ?”

“ಗೊತ್ತಿದ್ದೇ ಹಿಡ್ದೀನಿ.”

ಮದುವೆಯೇನೋ ಆಯಿತು. ಅಂದು ಕೈ ಕೂಡಿಸಿದ್ದರೆ ಪಂಚಾಕ್ಷರಪ್ಪ ಗೆದ್ದೇಬಿಡುತ್ತಿದ್ದನೋ ಏನೋ. ಅದು ಏಕಾಂತಪ್ಪನಿಗೂ ಕೊನೆಯವರೆಗೆ ತಿಳಿಯಲಿಲ್ಲ, ನನಗೂ ಗೊತ್ತಿಲ್ಲ.