ಮದ್ದಿಗೆ ಮೊದಲು

ಪರೀಕ್ಷೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಅವನ ಕೈ ನಡುಗುವುದನ್ನು ಅವಳು ಮೊದಲ ಸಲವೇ ಗಮನಿಸಿದ್ದಳು. ಎರಡನೇ ಸಲ, ಅದಕ್ಕೆ ತಾನೇ ಕಾರಣ ಎಂದುಕೊಂಡಳು. ಮೂವತ್ತೊಂಬತ್ತರ ಹೆಂಗಸು ಹಾಗೆ ಅಂದುಕೊಳ್ಳಬಾರದು ಅಂತೇನೂ ಇಲ್ಲವಲ್ಲ.

ಅವಳ ಕೆಲಸ ಜನರಿಂದ ಊದಿಸುವುದು. ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಉಸಿರು ಅಳೆಯುವ ಯಂತ್ರ, ಒಂದು ಕುರ್ಚಿ, ಮೂಗಿಗೆ ಹಾಕುವ ಕ್ಲಿಪ್ಪು. "ಊದಿ, ಊದಿ, ಇನ್ನೂ, ಇನ್ನೂ, ಬಿಡಬೇಡಿ!" ದಿನಕ್ಕೆ ಇಪ್ಪತ್ತು ಜನರ ಮುಂದೆ ಹೀಗೆ ಕೂಗಿ ಮನೆಗೆ ಹೋದರೆ ಆಡಲು ಮಾತೇ ಉಳಿದಿರುತ್ತಿರಲಿಲ್ಲ.

"ಊರಿಗೆಲ್ಲ ಊದಿ ಊದಿ ಅಂತೀಯ, ಮನೇಲಿ ತುಟಿನೇ ಬಿಚ್ಚಲ್ಲ," ಎಂದು ಅತ್ತಿಗೆ ನಗುತ್ತಿದ್ದಳು. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಅವಳ ತಟ್ಟೆ, ಅವಳ ಕಿಟಕಿ, ಅವಳ ರೇಡಿಯೊ. ಯಾರೂ ಅವಳನ್ನು ಕೆಟ್ಟದಾಗಿ ನೋಡಿಕೊಳ್ಳುತ್ತಿರಲಿಲ್ಲ. ಯಾರೂ ಅವಳ ದಾರಿ ಕಾಯುತ್ತಲೂ ಇರಲಿಲ್ಲ.

ಅವನು ಮಾಜಿ ಸೈನಿಕ. ಹದಿನಾರು ವರ್ಷ ಸೇನೆಯಲ್ಲಿ ಜನರೇಟರ್ ನೋಡಿಕೊಂಡವನು. ಅದರಲ್ಲಿ ಏಳು ವರ್ಷ ನೆಲದಡಿಯ, ಕಿಟಕಿಯಿಲ್ಲದ ಕೋಣೆಯಲ್ಲಿ, ಡೀಸೆಲ್ ಹೊಗೆಯ ಜೊತೆ. ಹೊರಗೆ ಬರುವಾಗ ಆಸ್ತಮಾ ಜೊತೆಗೇ ಬಂತು. ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದ, ತಿರಸ್ಕರಿಸಿದರು. ಮೇಲ್ಮನವಿ ಹಾಕಿದ, ಅದನ್ನೂ ತಿರಸ್ಕರಿಸಿದರು. ಈಗಿನದು ಕೊನೆಯ ಮೇಲ್ಮನವಿ. ಇದೂ ಹೋದರೆ ಕಡತ ಮುಚ್ಚಿದಂತೆ.

ಹಿಂದಿನ ಎರಡೂ ಸಲ ಊದಿಸಿದ್ದು ಅವಳೇ. "ಮೇಡಂ, ನಿಮ್ಮ ಕೂಗಿಗಿಂತ ನಮ್ಮ ಪರೇಡ್ ಮೇಷ್ಟ್ರೇ ಎಷ್ಟೋ ವಾಸಿ," ಎಂದಿದ್ದ ಕ್ಲಿಪ್ಪು ತೆಗೆಯುತ್ತ. ಆ ಒಂದು ಮಾತನ್ನು ಅವಳು ಮನೆಗೆ ಒಯ್ದು ನಾಲ್ಕು ತಿಂಗಳು ಇಟ್ಟುಕೊಂಡಿದ್ದಳು.

ಇವತ್ತು ಅವನನ್ನು ಒಳಗೆ ಕರೆಯುವ ಮೊದಲು ಕಡತ ತೆರೆದಳು. ಮೇಲೇ ಪಿಂಚಣಿ ತೀರ್ಮಾನಿಸುವ ವೈದ್ಯಕೀಯ ಬೋರ್ಡಿನ ಪತ್ರವಿತ್ತು: ಔಷಧಿಗೆ ಮೊದಲೂ ನಂತರವೂ ಉಸಿರಾಟ ಸಹಜ, ವೈಕಲ್ಯ ಕಂಡುಬಂದಿಲ್ಲ. ಅದರ ಕೆಳಗೆ ಎರಡು ವರದಿ, ಎರಡರಲ್ಲೂ ಅವಳದೇ ಸಹಿ. ಗ್ರಾಫುಗಳು ಓಟಗಾರನೊಬ್ಬನವೇನೋ ಎಂಬಂತೆ ಚೆನ್ನಾಗಿದ್ದವು. ಆಸ್ತಮಾದವನಿಗೆ ಇಷ್ಟು ಚೆನ್ನಾಗಿ ಬರುತ್ತದೆಯೇ?

ಕರೆಯಲೆಂದು ಹೊರಗೆ ಬಂದಳು. ಅವನು ಕಾರಿಡಾರಿನ ಕೊನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ನೀಲಿ ಇನ್‌ಹೇಲರನ್ನು ಅಲ್ಲಾಡಿಸಿ, ತಲೆ ಎತ್ತಿ ಒಮ್ಮೆ ಎಳೆದುಕೊಂಡ. ಸ್ವಲ್ಪ ತಡೆದು ಇನ್ನೊಮ್ಮೆ. ಆಮೇಲೆ ಬಾಯಿ ಒರೆಸಿಕೊಂಡು ತಲೆ ಬಾಚಿಕೊಂಡ.

"ಹೋದ ಸಲಾನೂ ಹೀಗೇನಾ?"

ಅವನು ಸಿಕ್ಕಿಬಿದ್ದ ಕಳ್ಳನಂತೆ ಅದನ್ನು ಜೇಬಿಗಿಳಿಸಿದ. "ಎರಡೇ ಎರಡು, ಮೇಡಂ."

"ಅದರ ಹಿಂದಿನ ಸಲ?"

ಅವನು ಬಾಚಣಿಗೆಯನ್ನೂ ಜೇಬಿಗೆ ತುರುಕಿದ.

"ಟೆಸ್ಟಿಗೆ ಮುಂಚೆ ಆರು ಗಂಟೆ ಕಾಲ ಇದನ್ನ ಮುಟ್ಟಬೇಡಿ ಅಂತ ಚೀಟೀಲಿ ಬರೆದುಕೊಟ್ಟಿದ್ದೆ. ಮುಟ್ಟಿದ್ರಾ ಅಂತ ಕೇಳಿದಾಗ ಇಲ್ಲ ಅಂದ್ರಿ. ಇದೇ ಮದ್ದಿಗೆ ಮೊದಲು ಒಂದ್ಸಲ, ಆಮೇಲೆ ಒಂದ್ಸಲ ಊದಿಸ್ತೀವಲ್ಲ, ಆ ವ್ಯತ್ಯಾಸಾನೇ ರೀ ನಿಮ್ಮ ಕಾಯಿಲೆಗೆ ಸಾಕ್ಷಿ! ಅದನ್ನ ಇಲ್ಲೇ ಅಳಿಸಿ ಒಳಗೆ ಬರ್ತೀರಿ. ನಾನು ಪೆದ್ದಿ ಥರ ಸಹಿ ಹಾಕ್ತೀನಿ. ಯಾಕೆ ಸಾರ್?"

"ಮೊದಲನೇ ಸಲ ಮೆಟ್ಟಿಲು ಹತ್ತಿ ಬಂದಾಗ ಉಸಿರೇ ಸಿಗ್ಲಿಲ್ಲ. ಬಾಗಿಲಲ್ಲಿ ನೀವು ನಿಂತಿದ್ರಿ. ನಿಮ್ಮೆದುರು ಮೀನಿನ ಥರ ಬಾಯಿ ಬಾಯಿ ಬಿಡೋಕೆ ಮನಸ್ಸಾಗ್ಲಿಲ್ಲ."

"ಎರಡನೇ ಸಲ?"

"ಆಗ ನಿಮ್ಮ ಪರಿಚಯ ಬೇರೆ ಆಗಿತ್ತಲ್ಲ," ಎಂದ ಅವನು, ನೆಲ ನೋಡುತ್ತ. "ಇನ್ನೂ ಕಷ್ಟ ಆಯ್ತು."

"ನಾಳೆ ಬೆಳಿಗ್ಗೆ ಬನ್ನಿ. ಇವತ್ತಿಂದು ನಡೆಯಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು.

ಸಂಜೆ ಬಸ್ಸಿನಲ್ಲಿ ಹೊಳೆಯಿತು. ಆ ಇನ್‌ಹೇಲರ್ ಎಳೆದುಕೊಂಡರೆ ಎಷ್ಟೋ ಜನರ ಕೈ ನಡುಗುತ್ತದೆ. ಹೆದರಬೇಡಿ, ಔಷಧಿಯದು ಅಂತ ದಿನಾ ತಾನೇ ಸಮಾಧಾನ ಹೇಳುವವಳು. ನಡುಕ ಔಷಧಿಯಿಂದ, ಅವಳಿಂದಲ್ಲ. ಕಿಟಕಿಯ ಕಡೆ ತಿರುಗಿ ನಕ್ಕಳು. ಪಕ್ಕದ ಸೀಟು ಎಂದಿನಂತೆ ಖಾಲಿಯಿತ್ತು.

ಬೆಳಿಗ್ಗೆ ಬೇಗ ಬಂದು ಮೊದಲು ಒಂದು ಟಿಪ್ಪಣಿ ಬರೆದು ಕಡತಕ್ಕೆ ಲಗತ್ತಿಸಿದಳು: ಹಿಂದಿನ ಎರಡೂ ಪರೀಕ್ಷೆ ಔಷಧಿ ತೆಗೆದುಕೊಂಡ ಮೇಲೆ ನಡೆದಿವೆ, ನಾನು ಸರಿಯಾಗಿ ಖಚಿತಪಡಿಸಿಕೊಳ್ಳಲಿಲ್ಲ, ಲೆಕ್ಕಕ್ಕೆ ಹಿಡಿಯಬಾರದು. ಮೇಲಿನವರು ಕರೆದು ಬೈಯುತ್ತಾರೆ. ಬೈಯಲಿ.

ಒಂಬತ್ತಾದರೂ ಅವನಿಲ್ಲ. ಇಳಿದು ನೋಡಿದರೆ ಮೆಟ್ಟಿಲ ತಿರುವಿನಲ್ಲಿ ಕೂತಿದ್ದ. ಕತ್ತಿನ ನರಗಳು ಎದ್ದಿದ್ದವು, ಎದೆಯೊಳಗೆ ಸಣ್ಣ ಸಿಳ್ಳೆ. ಅವಳನ್ನು ಕಂಡು ಮುಖ ತಿರುಗಿಸಿದ.

ಅವಳು ಪಕ್ಕದಲ್ಲಿ ಕೂತಳು. "ನಿಧಾನ. ಯಾರೂ ಅಟ್ಟಿಸ್ಕೊಂಡ್ ಬರ್ತಿಲ್ಲ."

ತುಸು ಹೊತ್ತಿಗೆ ಸಿಳ್ಳೆ ಇಳಿಯಿತು. "ನೋಡ್ಬಿಟ್ರಿ," ಎಂದ.

"ನೋಡ್ದೆ. ಮೀನಿಗಿಂತ ವಾಸಿ."

ಕೋಣೆಯಲ್ಲಿ ಒಪ್ಪಿಗೆ ಪತ್ರ ಮುಂದಿಟ್ಟಳು. ಅವನು ಪೆನ್ನು ಹಿಡಿದ. ಕೈ ನಡುಗಿತು.

"ಮತ್ತೆ ತಗೊಂಡ್ರಾ?" ಅವಳ ದನಿ ಏರಿತು.

"ಇಲ್ಲ ಮೇಡಂ, ನಿಮ್ಮಾಣೆ. ನಿನ್ನೆ ಸಂಜೆಯಿಂದ ಮುಟ್ಟಿಲ್ಲ."

ಅವಳು ಮದ್ದಿಲ್ಲದೆಯೂ ನಡುಗುತ್ತಿದ್ದ ಆ ಕೈಯನ್ನು, ಅಕ್ಷರ ವಾರೆಯಾಗುವುದನ್ನು ನೋಡುತ್ತ ನಿಂತಳು. ಆಮೇಲೆ ಕಡತ ಎತ್ತಿಕೊಂಡು ಹೋಗಿ ಪಕ್ಕದ ಕೋಣೆಯ ಟೆಕ್ನಿಷಿಯನ್ ಗೆಳತಿಯ ಮೇಜಿನ ಮೇಲಿಟ್ಟಳು.

"ಇವರದ್ದು ನೀನು ಮಾಡೇ."

"ನಿನ್ನ ಪೇಷಂಟ್ ಅಲ್ವಾ?"

"ನಮ್ಮ ಮನೆಯವರಿಗೆ ನಾವೇ ಟೆಸ್ಟ್ ಮಾಡೋ ಹಾಗಿಲ್ಲ. ನನ್ನ ಸಹಿ ನಡೆಯಲ್ಲ."

"ಅಯ್ಯೋ, ಇವರು ಯಾವಾಗಿಂದಾನೇ ನಿಮ್ಮ ಮನೆಯವರು?"

"ಇವತ್ತಿಂದ."

ಬಾಗಿಲ ಬಳಿ ಬಂದು ನಿಂತಿದ್ದ ಅವನಿಗೆ ಅದು ಕೇಳಿಸಿತು. ಕಮ್ಮಿಯಿದ್ದ ಉಸಿರನ್ನು ಊದುವುದಕ್ಕೆ ಉಳಿಸಿಕೊಂಡು, ತಿರುಗಿ ಹೋಗಿ ಯಂತ್ರದ ಮುಂದೆ ಕೂತ.

ಗೆಳತಿಯ ದನಿ ಸಣ್ಣದು. "ಊದಿ ಸಾರ್" ಎಂದರೆ ಕೇಳಿಸುವುದೇ ಇಲ್ಲ. ಇವಳು ಬಾಗಿಲ ಗಾಜಿನಾಚೆ ನಿಂತು ಸದ್ದಿಲ್ಲದೆ ತುಟಿ ಆಡಿಸಿದಳು: ಇನ್ನೂ, ಇನ್ನೂ, ಬಿಡಬೇಡಿ. ಅವನು ಅವಳನ್ನೇ ನೋಡುತ್ತ ಊದಿದ. ಗೆರೆ ಸ್ವಲ್ಪ ಏರಿ ಕುಸಿಯಿತು. ಇಷ್ಟು ಕೆಟ್ಟ ಗ್ರಾಫ್ ನೋಡಿ ಅವಳಿಗೆ ಎಂದೂ ಇಷ್ಟು ಸಮಾಧಾನವಾಗಿರಲಿಲ್ಲ.

ಮದ್ದು ಕೊಟ್ಟ ಮೇಲೆ ಹದಿನೈದು ನಿಮಿಷ ಕಾಯಬೇಕು. ಅವನು ಹೊರಗಿನ ಬೆಂಚಿಗೆ ಬಂದು ಕೂತ.

"ಬೋರ್ಡಿನವರು ಮತ್ತೆ ಇಲ್ಲ ಅಂದ್ರೆ?"

"ಅಂದರೂ ಅನ್ನಬಹುದು," ಎಂದಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. "ಈಗ ಮಾತಾಡಬೇಡಿ, ಸುಮ್ಮನೆ ಕೂತಿರಿ."

"ನೀವು?"

ಇಂಥ ಹದಿನೈದು ನಿಮಿಷಗಳನ್ನು ಅವಳು ಸಾವಿರ ಸಲ ಗಡಿಯಾರ ನೋಡಿ ಅಳೆದಿದ್ದಳು, ಯಾವಾಗಲೂ ಬಾಗಿಲ ಒಳಗೆ ನಿಂತು. ಬೆಂಚಿನ ಮೇಲಿದ್ದ ಅವನ ಚೀಲವನ್ನು ಕೆಳಗಿಟ್ಟು, ಆ ಜಾಗದಲ್ಲಿ ಕೂತಳು.