ಆರು ಕಹಿ ಸೀಸೆಗಳು

ಬೆಳಿಗ್ಗೆ ಫ್ರಿಜ್ ತೆಗೆದರೆ ಹನ್ನೆರಡು ಸೀಸೆಗಳಲ್ಲಿ ಆರು ಮಾಯ! ಒಂದು ಎಲೆಯ ಸತ್ವ ಅವು. ವೈರಸ್‌ನಿಂದ ಬರುವ ಗರ್ಭಕಂಠದ ಕ್ಯಾನ್ಸರಿಗೆ ಮದ್ದಾದೀತೆಂದು ಮೂರು ವರ್ಷದಿಂದ ಪರೀಕ್ಷಿಸುತ್ತಿದ್ದೆವು. ಪ್ರಯೋಗಾಲಯದ ಮುಖ್ಯಸ್ಥೆ ನಾನೇ. ಕೂಡಲೇ ಪೊಲೀಸರಿಗೆ ಫೋನ್ ಮಾಡಿದೆ.

ಬಂದ ಇನ್ಸ್‌ಪೆಕ್ಟರ್ ಗಿಡ್ಡ ಹೆಂಗಸು. ಮಾತೂ ಗಿಡ್ಡ.

"ಉಳಿದ ಆರರಲ್ಲಿ ಏನಿದೆ?"

"ಸತ್ವ ಕರಗಿಸೋ ದ್ರವ ಮಾತ್ರ. ಎಲೆ ಹಾಕಿಲ್ಲ. ಹೋಲಿಸಿ ನೋಡೋಕೆ ಇಟ್ಟಿರೋದು."

"ಎಲ್ಲಾ ಕಂದು ಸೀಸೆ. ಮೇಲೆ ಬರೀ ನಂಬರು. ಯಾವುದು ಏನು ಅಂತ ಯಾರಿಗೆ ಗೊತ್ತು?"

"ನನಗೆ, ನನ್ನ ಕಿರಿಯ ವಿಜ್ಞಾನಿಗೆ. ಅಷ್ಟೇ."

ಕಿರಿಯ ವಿಜ್ಞಾನಿ ಬೇರೆ ಕಂಪನಿ ಸೇರಲು ಹೊರಟು ನಿಂತಿದ್ದ. ಅವನ ಮುಖ ಇಂಗು ತಿಂದ ಮಂಗನಂತಾಯಿತು. ಕಳ್ಳ ಸಿಕ್ಕಿದನೆಂದೇ ನಾನು ತಿಳಿದೆ.

ಇನ್ಸ್‌ಪೆಕ್ಟರ್ ಉಳಿದ ಸೀಸೆಗಳನ್ನು ತಿರುಗಿಸಿ ನೋಡಿದರು. "ಇವುಗಳ ಸೀಲೂ ಕಿತ್ತಿದೆಯಲ್ಲ?"

* * *

ಮಧ್ಯಾಹ್ನ ಅವರು ನಮ್ಮ ಊಟದ ಕೋಣೆಯಲ್ಲಿ ಸುಮ್ಮನೆ ಕೂತಿದ್ದರು. ಎಲೆ ಅರೆಯುವ ಕೆಲಸದವನು ಎಂದಿನಂತೆ ಬ್ರೆಡ್ಡನ್ನು ಫೋರ್ಕಿನಲ್ಲಿ ಚುಚ್ಚಿ ತಿನ್ನುತ್ತಿದ್ದ.

"ಬ್ರೆಡ್ಡಿಗೂ ಫೋರ್ಕಾ?"

"ಕೈ ಎಷ್ಟು ತೊಳೆದ್ರೂ ಕಹಿ ಹೋಗಲ್ಲ ಮೇಡಂ. ಆ ಎಲೆ ಅಂಥದ್ದು."

"ಅದಕ್ಕೇ ನಾಲಿಗೆಗೆ ಹಚ್ಚಿ ಹಚ್ಚಿ ಆರಿಸಿದ್ರಿ, ಅಲ್ವಾ?"

ಫೋರ್ಕ್ ನೆಲಕ್ಕೆ ಬಿತ್ತು.

"ನಂಬರ್ ಗೊತ್ತಿದ್ದೋರು ನೇರವಾಗಿ ಆರನ್ನೇ ಒಯ್ತಿದ್ರು," ಇನ್ಸ್‌ಪೆಕ್ಟರ್ ನನಗೆ ಹೇಳಿದರು. "ಈ ಕಳ್ಳ ಬೇರೆ ಸೀಸೆಗಳನ್ನೂ ತೆರೆದು ನೋಡಿದ್ದಾನೆ. ಕಂದು ಗಾಜಲ್ಲಿ ಬಣ್ಣ ಕಾಣಲ್ಲ. ಇನ್ನು ಉಳಿದಿದ್ದು ರುಚಿ. ಯಾವ ವಿಜ್ಞಾನಿ ಇಲ್ಲಿರೋದನ್ನ ಬಾಯಿಗೆ ಹಾಕ್ತಾನೆ? ಆ ಕಹಿ ದಿನಾ ತಿಂದೋನಿಗೇ ಗೊತ್ತು." ಅವನತ್ತ ತಿರುಗಿದರು. "ಯಾರಿಗೆ ಕೊಟ್ರಿ?"

"ಅಕ್ಕನಿಗೆ." ಅವನು ಅಳತೊಡಗಿದ. "ಅವಳಿಗೂ ಅದೇ ಕ್ಯಾನ್ಸರ್. ಮೂರೇ ದಿನದಲ್ಲಿ ಕ್ಯಾನ್ಸರ್ ಕಣ ಎಲ್ಲಾ ಸತ್ತೋಯ್ತು ಅಂತ ನಮ್ಮ ಮೇಡಮ್ಮೇ ಹೇಳಿದ್ರು. ಕೇಕ್ ಬೇರೆ ಹಂಚಿದ್ರು."

* * *

ಅವನನ್ನೂ ಕರೆದುಕೊಂಡು ನಾವು ಅವಳ ಮನೆಗೆ ಧಾವಿಸಿದಾಗ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಸೀಸೆಗಳು ಕಿಟಕಿಯಲ್ಲಿ ಸಾಲಾಗಿ ನಿಂತಿದ್ದವು. ನಾನು ಯಾರೆಂದು ತಿಳಿದದ್ದೇ ತಡ, ನನ್ನ ಕೈ ಹಿಡಿದುಕೊಂಡಳು.

"ಒಂದು ಚಮಚ ಕುಡಿದೆ. ಆಗ್ಲೇ ಹಗುರ ಅನ್ಸ್ತಿದೆ. ಇನ್ನು ರೇಡಿಯೇಶನ್ ಬೇಡ ಅಂತ ಆಸ್ಪತ್ರೆಗೆ ಹೇಳಿಬಿಟ್ಟೆ."

ಪ್ರಯೋಗಾಲಯದಲ್ಲಿ ಅದೇ ಮೂರು ದಿನದಲ್ಲಿ, ಪಕ್ಕದ ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದ ಆರೋಗ್ಯವಂತ ಜೀವಕಣಗಳೂ ಸತ್ತಿದ್ದವು. ಆ ಫಲಿತಾಂಶವನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಹೊಗಳಿಕೆಯ ಆಸೆಗೆ ಬಿದ್ದಿದ್ದೆ.

"ಅದು ಔಷಧಿ ಅಲ್ಲಮ್ಮ," ಎಂದೆ. "ಒಳ್ಳೇ ಕಣಾನೂ ಕೊಲ್ಲುತ್ತೆ. ಗೊತ್ತಿದ್ದೂ ಮುಚ್ಚಿಟ್ಟೆ. ದಯವಿಟ್ಟು ಆಸ್ಪತ್ರೆಗೆ ನಡೀರಿ."

ಅವಳು ಮೆಲ್ಲಗೆ ನನ್ನ ಕೈ ಬಿಟ್ಟಳು. ತಮ್ಮನನ್ನು ಒಂದು ಮಾತೂ ಬೈಯಲಿಲ್ಲ. ನನ್ನನ್ನೇ ನೋಡುತ್ತಾ ಚಪ್ಪಲಿ ಮೆಟ್ಟಿಕೊಂಡಳು.

ಅವಳನ್ನು ಕಾರಿಗೆ ಹತ್ತಿಸಿದ ಇನ್ಸ್‌ಪೆಕ್ಟರ್ ನೋಟ್‌ಬುಕ್ ತೆರೆದರು.

"ತಮ್ಮನ ಹೇಳಿಕೆ ಆಮೇಲೆ," ಎಂದರು. "ಮೊದಲು ನಿಮ್ಮದು."